ಹತ್ತು ದಿನಕ್ಕೆ ಹೋಗುವವರು ಏನು ಮಾತು ಕೊಡಬಹುದು?



ನಮ್ಮ ಯೌವನಸ್ಥರ ತಂಡ ಈ ರಜೆಯಲ್ಲಿ ಹತ್ತು ದಿನ ನೇಪಾಳಕ್ಕೆ ಮಿಷನ್ ಟ್ರಿಪ್ ಹೋಗಬೇಕು ಅಂತ ಪ್ರಾರ್ಥಿಸ್ತಾ ಇದೆ. ಅಲ್ಲಿಯ ಒಂದು ಚಿಕ್ಕ ಸಭೆಯ ಮಕ್ಕಳು, ಹರೆಯದವರ ಜೊತೆ ಹಾಡು, ಆಟ, ಸತ್ಯವೇದ ಪಾಠ. ಒಳ್ಳೇದು. ಆದ್ರೆ ಟಿಕೆಟ್ ಮಾಡಿಸೋ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಹತ್ತು ದಿನದಲ್ಲಿ ಒಬ್ಬರನ್ನ ನಿಜವಾಗಿ ಪ್ರೀತಿಸೋಕೆ ಆಗುತ್ತಾ? ಇಲ್ಲಾ, ಪ್ರೀತಿಸಿದೆವು ಅನ್ನೋ ತೃಪ್ತಿಯನ್ನಷ್ಟೇ ಮನೆಗೆ ತರ್ತೀವಾ?

ದೇವನಹಳ್ಳಿಯ ನಮಗೆ ಇದು ಎರಡೂ ಕಡೆಯಿಂದ ಗೊತ್ತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹೊರಗಿನವರು ನಮ್ಮಲ್ಲಿಗೆ ಬರೋದೂ ಸುಲಭ, ನಾವು ಹೊರಗೆ ಹೋಗೋದೂ ಸುಲಭ. ಒಂದು ಬೇಸಿಗೆ ನಮ್ಮ ವಿಬಿಎಸ್‌ಗೆ ಹೊರದೇಶದ ತಂಡ ಬಂದಿತ್ತು. ಐದು ದಿನ ಮಕ್ಕಳಿಗೆ ಹಬ್ಬ. ಹೊರಡುವಾಗ ತಂಡದ ಒಬ್ಬ ಸಹೋದರಿ ಒಂದು ಪುಟ್ಟ ಹುಡುಗಿಯನ್ನ ತಬ್ಬಿಕೊಂಡು, ಬೇಗ ಬರ್ತೀನಿ ಅಂದರು. ಆ ಮಗು ತಿಂಗಳುಗಟ್ಟಲೆ ಭಾನುವಾರ ಬಂದು ಕೇಳ್ತಿತ್ತು, “ಪಾಸ್ಟರ್ ಅಂಕಲ್, ಆ ಅಕ್ಕ ಯಾವಾಗ ಬರ್ತಾರೆ?” ಆ ಸಹೋದರಿ ಸುಳ್ಳು ಹೇಳಲಿಲ್ಲ, ಮನಸಾರೆ ಹೇಳಿದರು. ಆದ್ರೆ ಅವರು ಹೋದ ಮೇಲೂ ಅವರ ಮಾತು ಇಲ್ಲೇ ಉಳಿಯಿತು.

ಪ್ರಿಯರೇ, ಕಡಿಮೆ ದಿನ ಇರೋದು ಪಾಪ ಅಲ್ಲ. ಇರೋ ದಿನಕ್ಕಿಂತ ದೊಡ್ಡ ಮಾತು ಕೊಡೋದು ತಪ್ಪು.

ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯ ತೆಗೆದು ನೋಡಿ. ಥೆಸಲೊನೀಕದ ಸಭಾಮಂದಿರದಲ್ಲಿ ಪೌಲನು ಮೂರು ಸಬ್ಬತ್ ದಿನ ವಾದಿಸಿದನು. ಆಮೇಲೆ ಗಲಭೆ ಆಯಿತು. ಪೌಲ ಸೀಲರು ಸಿಗಲಿಲ್ಲ, ಜನ ಯಾಸೋನನನ್ನ ಎಳೆದುಕೊಂಡು ಹೋದರು. ಜಾಮೀನು ಕೊಟ್ಟವನು ಯಾರು? ಮನೆಗೆ ಸೇರಿಸಿಕೊಂಡ ಯಾಸೋನ. ಅತಿಥಿಗಳು ಆ ರಾತ್ರಿಯೇ ಬೆರೋಯಕ್ಕೆ ಹೊರಟರು. ಬಂದು ಹೋಗುವವರ ಬೆಲೆಯನ್ನ ಅಲ್ಲೇ ಇರುವವರು ಕಟ್ಟುತ್ತಾರೆ.

ನೇಪಾಳದಲ್ಲಿ ಇದು ಬರೀ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಲ್ಲಿಯ ದಂಡಸಂಹಿತೆಯ ಪ್ರಕಾರ ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ವಿದೇಶಿಯಾದರೆ ಶಿಕ್ಷೆ ಮುಗಿದ 7 ದಿನದೊಳಗೆ ದೇಶದಿಂದ ಹೊರಗೆ. ಭಾರತೀಯರಾದ ನಮಗೆ ಅಲ್ಲಿಗೆ ವೀಸಾ ಬೇಡ, ಅದಕ್ಕೇ ಹೋಗೋದು ಹಗುರ ಅನ್ನಿಸುತ್ತೆ. ಅಲ್ಲಿಯ ಪಾಸ್ಟರಿಗೆ ಅದು ಹಗುರ ಅಲ್ಲ. ನೀವು ಹಾಕೋ ಒಂದು ರೀಲ್, ಮಕ್ಕಳ ಮುಖ ಕಾಣೋ ಒಂದು ಫೋಟೋ ನಿಮಗೆ ಲೈಕ್ ತರಬಹುದು. ಅವರ ಮನೆ ಬಾಗಿಲಿಗೆ ಪೊಲೀಸರನ್ನ ತರಬಹುದು.

ಹಾಗಾದ್ರೆ ಹೋಗೋದೇ ಬೇಡ, ಆ ದುಡ್ಡು ಕಳಿಸಿಬಿಡೋಣ ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆದ್ರೆ ಮುಖ ನೋಡಬೇಕು ಅನ್ನೋ ಹಂಬಲ ಪೌಲನಿಗೂ ಇತ್ತು. ಒಂದು ಚಿಕ್ಕ ಸಭೆಗೆ, ನಾವು ಒಂಟಿ ಅಲ್ಲ ಅನ್ನೋ ಧೈರ್ಯ ಮನಿ ಆರ್ಡರಿಂದ ಬರೋದಿಲ್ಲ. ನೆಂಟರು ಬಂದರೆ ಮನೆ ತುಂಬುತ್ತೆ. ಆದ್ರೆ ನೆಂಟರು ಆ ಮನೆಯ ತಾಯಿ ಆಗೋಕೆ ಹೋಗಬಾರದು.

ನಮ್ಮ ನಾಡಿಗೆ ಬಂದು ಉಳಿದವರೂ ಇದ್ದಾರೆ. ಬಾಸೆಲ್ ಮಿಷನ್‌ನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು. ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಮ್ಮ ಹತ್ತು ದಿನಕ್ಕೆ ಆ ಕೆಲಸದ ಹೆಸರು ಇಡೋದು ಬೇಡ. ನೆಂಟರ ಕೆಲಸವನ್ನ ನಂಬಿಗಸ್ತಿಕೆಯಿಂದ ಮಾಡೋಣ, ಸಾಕು.

ಮೂರು ವಿಷಯ ಹೇಳ್ತೀನಿ. ಒಂದು, ಯಾಸೋನನನ್ನ ಕೇಳಿ. ಏನು ಮಾತಾಡಬೇಕು, ಯಾವ ಫೋಟೋ ಬೇಡ ಅಂತ ಅಲ್ಲಿಯ ಹಿರಿಯರು ಹೇಳಲಿ. ಎರಡು, ಮತ್ತೆ ಬರ್ತೀನಿ ಅಂತ ಯಾವ ಮಗುವಿಗೂ ಹೇಳಬೇಡಿ. ನಾವು ಮಂಗಳವಾರ ಹೊರಡ್ತೀವಿ ಅಂತ ಮೊದಲ ದಿನವೇ ಹೇಳಿ. ಮೂರು, ತಿಮೊಥೆಯನನ್ನ ಕಳಿಸಿ. ಥೆಸಲೊನೀಕದವರ ಚಿಂತೆ ತಡೆಯಲಾರದೆ ಪೌಲನು ತಾನೊಬ್ಬನೇ ಅಥೇನೆಯಲ್ಲಿ ಉಳಿದು ತಿಮೊಥೆಯನನ್ನ ಕಳಿಸಿದನು. ನಿಮ್ಮಲ್ಲಿ ಇಬ್ಬರು ಒಂದು ವರ್ಷ, ತಿಂಗಳಿಗೊಮ್ಮೆ ಅಲ್ಲಿಯ ಯೂತ್ ಲೀಡರಿಗೆ ಫೋನ್ ಮಾಡೋ ಜವಾಬ್ದಾರಿ ತಗೊಳ್ಳಿ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ ದುಡಿಯೋ ನೇಪಾಳಿ ಹುಡುಗರ ಹೆಸರು ಈಗಲೇ ಕೇಳಿ ತಿಳ್ಕೊಳ್ಳಿ. ನಾಲ್ಕು ಮಾತು ಅವರಿಂದಲೇ ಕಲೀರಿ. ಅವರನ್ನ ಪ್ರೀತಿಸೋಕೆ ನಿಮಗೆ ಹತ್ತು ದಿನದ ಗಡುವಿಲ್ಲ.

ಬರ್ತೀನಿ ಅಂತ ಹೇಳಿ ಆ ಮಾತನ್ನ ಪೂರ್ತಿ ಉಳಿಸಿಕೊಳ್ಳೋ ಶಕ್ತಿ ಇರೋದು ಯೇಸುವಿಗೆ. ಆತನು ಶಿಷ್ಯರನ್ನ ಅನಾಥರಾಗಿ ಬಿಡಲಿಲ್ಲ, ಪವಿತ್ರಾತ್ಮನನ್ನ ಕಳಿಸಿದನು. ನಾವು ವಿಮಾನ ಹತ್ತಿದ ಮೇಲೂ ಆ ಮಕ್ಕಳ ಜೊತೆ ಇರುವವನು ಆತನೇ. ಅವರ ಕೈಯನ್ನ ನಮ್ಮ ಕೈಗಲ್ಲ, ಆತನ ಕೈಗೆ, ಅಲ್ಲಿಯ ಸಭೆಯ ಕೈಗೆ ಕೊಟ್ಟು ಬರೋಣ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.