ನ್ಯಾಸವಾಗಿ ಬಂದ ಜೀವ

ಜೀವದಯೆಯೇ ಧರ್ಮದ ಮೂಲವೆಂಬುದನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲು ಉಣ್ಣುವುದು, ನೆಲ ನೋಡಿ ನಡೆಯುವುದು, ಇವೆಲ್ಲವೂ ಅನ್ಯಜೀವಿಗಳಿಗೆ ನೋವಾಗದಂತೆ ತನ್ನನ್ನು ತಾನು ತಡೆದುಕೊಳ್ಳುವ ಆಚರಣೆಗಳು. ಆದರೆ ದಯೆಗೆ ಇನ್ನೊಂದು ಮುಖವುಂಟು. ಅನಾಥ ಜೀವವೊಂದು ಬಾಗಿಲಿಗೆ ಬಂದು ನಿಂತಾಗ ತಡೆದುಕೊಳ್ಳುವುದಷ್ಟೇ ಸಾಲದು, ಏನನ್ನಾದರೂ ಮಾಡಬೇಕಾಗುತ್ತದೆ. ಮಾಡತೊಡಗಿದೊಡನೆ ಧರ್ಮಸಂಕಟಗಳೂ ತಲೆದೋರುತ್ತವೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಂಡು ಇದನ್ನು ವಿಚಾರ ಮಾಡಬಹುದು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನ ಶಿವನಿ, ಬೀರೂರಿನಿಂದ ಚಿಕ್ಕಜಾಜೂರಿಗೆ ಹೋಗುವ ರೈಲುಮಾರ್ಗದಲ್ಲಿರುವ ಊರು. ಅಮೃತಮಹಲ್ ತಳಿಗೆ ಹೆಸರಾದ ಅಜ್ಜಂಪುರದ ಸೀಮೆಯಾದುದರಿಂದ ದನಕರುಗಳ ಬೆಲೆ ಅಲ್ಲಿನ ಜನರಿಗೆ ಚೆನ್ನಾಗಿ ತಿಳಿದಿದೆ. ಬೀದಿನಾಯಿಯ ಮರಿಗೆ ಮಾತ್ರ ಯಾವ ಸಂತೆಯಲ್ಲಿಯೂ ಬೆಲೆಯಿಲ್ಲ. ಅಂಥ ಎರಡು ತಿಂಗಳ ಮರಿಯೊಂದು ತಾಯಿಯನ್ನು ಕಳೆದುಕೊಂಡು ನಿಲ್ದಾಣದ ಬಳಿ ಮಳೆಯಲ್ಲಿ ನೆನೆಯುತ್ತಿದ್ದಾಗ ಜೈನ ವರ್ತಕರೊಬ್ಬರ ಮೊಮ್ಮಗಳು ಅದನ್ನು ಮನೆಗೆ ಎತ್ತಿಕೊಂಡು ಬಂದಳೆಂದು ಭಾವಿಸೋಣ. ಮನೆಯವರು ಅದನ್ನು ಕಡೆಯತನಕ ಸಾಕಲಾರರು. ತಕ್ಕ ಮನೆ ದೊರೆಯುವವರೆಗೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು. ಮೂರು ದಿನ ಮೂಲೆಯಲ್ಲಿ ನಡುಗುತ್ತಿದ್ದ ಮರಿ ನಾಲ್ಕನೆಯ ದಿನ ಚೇತರಿಸಿಕೊಂಡಿತು. ಚಪ್ಪಲಿ ಕಚ್ಚಿತು, ಒಣಹಾಕಿದ ಮಡಿಪಂಚೆಯನ್ನು ಅಂಗಳದುದ್ದಕ್ಕೂ ಎಳೆದಾಡಿತು, ಹೂವಿನ ಪಾತಿಯನ್ನು ತೋಡಿತು, ನಡುರಾತ್ರಿ ಕುಂಯ್‌ಗುಟ್ಟಿ ಮನೆಯನ್ನೆಲ್ಲ ಎಬ್ಬಿಸಿತು.

ಅಜ್ಜಿಯವರು, “ಕಂಬಕ್ಕೆ ಕಟ್ಟಿಹಾಕಿ” ಎಂದರು. ಅಜ್ಜನವರು, “ಇದೂ ಒಂದು ಪರಿಗ್ರಹವೇ, ಮೊದಲು ಕೇಳಿದವರಿಗೆ ಕೊಟ್ಟುಬಿಡಿ” ಎಂದರು. ಮೊಮ್ಮಗಳು, “ಯಾರಿಗೂ ಕೊಡಬೇಡಿ ತಾತಾ” ಎಂದು ಅತ್ತಳು. ಮೂವರೂ ದಯಾವಂತರೇ. ಮೂವರ ಮಾತಿನಲ್ಲಿಯೂ ಧರ್ಮದ ಒಂದೊಂದು ಎಳೆಯಿದೆ. ಹಾಗಿದ್ದರೆ ಯಾವುದನ್ನು ಹಿಡಿಯಬೇಕು?

ಮೊದಲು, ಶ್ರಾವಕರ ಮನೆಯಲ್ಲಿ ನಾಯಿಗೆ ಎಡೆಯಿದೆಯೇ ಎಂಬ ಶಂಕೆಯನ್ನು ನಿವಾರಿಸಿಕೊಳ್ಳಬೇಕು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಆಚಾರ್ಯರು ಅನರ್ಥದಂಡದಲ್ಲಿ ಎಣಿಸಿದ್ದಾರೆ. ಶ್ವೇತಾಂಬರ ಪರಂಪರೆಯು ಹದಿನೈದು ಕರ್ಮಾದಾನಗಳಲ್ಲಿ ಅಸತೀಪೋಷಣವನ್ನು ಸೇರಿಸಿದೆ. ಈ ನಿಷೇಧಗಳು ಬೇಟೆಗಾಗಿ, ಕಾದಾಟಕ್ಕಾಗಿ, ಸಂಪಾದನೆಗಾಗಿ ಪ್ರಾಣಿಗಳನ್ನು ಬೆಳೆಸುವುದಕ್ಕೆ ಸಂಬಂಧಿಸಿದವು. ಸಾಯುತ್ತಿರುವ ಜೀವವನ್ನು ಕಂಡೂ ಬಾಗಿಲು ಹಾಕಿಕೊಳ್ಳಬೇಕೆಂದು ಯಾವ ಆಚಾರ್ಯರೂ ವಿಧಿಸಿಲ್ಲ. ಹವಿಸ್ಸನ್ನು ಮುಟ್ಟಿತೆಂದು ಹೊಡೆತ ತಿಂದು ಕೊನೆಯುಸಿರೆಳೆಯುತ್ತಿದ್ದ ನಾಯಿಯ ಬಳಿ ಕುಳಿತು ಪಂಚನಮಸ್ಕಾರವನ್ನು ಕೇಳಿಸಿದ ಜೀವಂಧರ ಕುಮಾರನ ಕಥೆಯನ್ನು ಭಾಸ್ಕರ ಕವಿಯು 1424ರಲ್ಲಿ ಕನ್ನಡ ಷಟ್ಪದಿಯಲ್ಲಿ ಹಾಡಿದ್ದಾನೆ. ಆ ನಾಯಿಯೇ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ರಾಜಕುಮಾರನಿಗೆ ಆ ನಾಯಿಯಿಂದ ಯಾವ ಪ್ರಯೋಜನದ ನಿರೀಕ್ಷೆಯೂ ಇರಲಿಲ್ಲ; ಅದು ಅವನದೂ ಆಗಿರಲಿಲ್ಲ.

ತನ್ನದಲ್ಲದುದನ್ನು ತನ್ನಲ್ಲಿ ಇಟ್ಟುಕೊಂಡು ಕಾಪಾಡುವ ಧರ್ಮಕ್ಕೆ ಶಾಸ್ತ್ರದಲ್ಲಿಯೂ ವ್ಯಾಪಾರದಲ್ಲಿಯೂ ಒಂದೇ ಹೆಸರು: ನ್ಯಾಸ. ಮತ್ತೊಬ್ಬರು ನಂಬಿ ಇಟ್ಟ ಒಡವೆಯು ವರ್ತಕನ ತಿಜೋರಿಯಲ್ಲಿದ್ದರೂ ಅವನ ಆಸ್ತಿಯ ಲೆಕ್ಕಕ್ಕೆ ಸೇರದು. ಅದನ್ನು ತೊಟ್ಟು ಮೆರೆಯುವಂತಿಲ್ಲ. ತನ್ನದಲ್ಲವೆಂದು ಬೀದಿಗೆ ಎಸೆಯುವಂತೆಯೂ ಇಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಹೇಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಬಹು ಸೂಕ್ಷ್ಮವಾದುದು. ಒಡವೆ ಇಟ್ಟವನು ಎಣಿಕೆ ಮರೆತು, ಇಟ್ಟುದಕ್ಕಿಂತ ಕಡಮೆ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು’ ಎಂದು ಅಷ್ಟನ್ನೇ ಕೊಟ್ಟು ಕಳುಹಿಸುತ್ತಾನೆ. ಅವನು ಕದ್ದಿಲ್ಲ, ಕೇಳಿದುದನ್ನು ಇಲ್ಲವೆಂದೂ ಇಲ್ಲ. ಆದರೂ ವ್ರತಕ್ಕೆ ಕಳಂಕ ತಗಲಿತು.

ಅನಾಥ ಮರಿಯ ವಿಷಯದಲ್ಲಿ ಒಡವೆಯೂ ಒಡೆಯನೂ ಆ ಜೀವವೇ. ತನಗೆ ಸಲ್ಲಬೇಕಾದುದೆಷ್ಟೆಂದು ಅದಕ್ಕೆ ತಿಳಿಯದು. ಒಂದು ಹಿಡಿ ಅನ್ನ ಹಾಕಿದರೂ ಬಾಲ ಅಲ್ಲಾಡಿಸುತ್ತದೆ. ಕಟ್ಟಿಹಾಕಿದ ಕೈಯನ್ನೇ ನೆಕ್ಕುತ್ತದೆ. ಅದು ಇಷ್ಟಕ್ಕೇ ತೃಪ್ತವಾಯಿತೆಂದು ಅಷ್ಟನ್ನೇ ಕೊಡುವುದು ನ್ಯಾಸಾಪಹಾರಕ್ಕೆ ಸಮಾನ. ಕೇಳಲರಿಯದ ಒಡೆಯನಿಗೆ ಪೂರ್ತಿಯಾಗಿ ಸಲ್ಲಿಸುವುದೇ ತಾತ್ಕಾಲಿಕ ಪಾಲಕನ ಧರ್ಮ. ಈ ಅಳತೆಯಿಂದ ಮೂವರ ಮಾತುಗಳನ್ನೂ ಅಳೆದು ನೋಡಬಹುದು.

ಅಜ್ಜಿಯವರ ಮಾತು ಮೊದಲನೆಯದು. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲನೆಯದೇ ಕಟ್ಟಿಹಾಕುವುದು. ಜೀವವು ತನಗಿಷ್ಟವಾದ ಎಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಓಡುವುದು, ಕಚ್ಚುವುದು, ಅಗೆಯುವುದು ಎಳೆಯ ನಾಯಿಯ ದುರ್ಗುಣಗಳಲ್ಲ. ಮನುಷ್ಯರ ಮಗುವು ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ಲೋಕವನ್ನು ತಿಳಿಯುವಂತೆ ಅದೂ ಹಲ್ಲಿನಿಂದಲೇ ತಿಳಿಯುತ್ತದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯು ಕಂಡು ಕೇಳಿದುದೆಲ್ಲ ಅದರ ಮುಂದಿನ ಸ್ವಭಾವಕ್ಕೆ ತಳಹದಿಯಾಗುತ್ತದೆಂದು ಪ್ರಾಣಿವೈದ್ಯರು ಹೇಳುತ್ತಾರೆ. ಆ ವಾರಗಳನ್ನು ಕಂಬದ ಬಳಿ ಕಳೆದ ಮರಿಯು ಅಂಜುಬುರುಕವಾಗಿಯೋ ಕಚ್ಚುವ ನಾಯಿಯಾಗಿಯೋ ಬೆಳೆಯುವ ಸಂಭವ ಹೆಚ್ಚು. ಆಗ ಅದನ್ನು ಯಾವ ಮನೆಯೂ ಬಯಸದು. ನ್ಯಾಸದ ಒಡವೆ ಪಾಲಕನ ಕೈಯಲ್ಲಿಯೇ ಸವೆದುಹೋದಂತಾಯಿತು.

ಹಾಗೆಂದು ಹಗ್ಗವೇ ಪಾಪವಲ್ಲ. ರೈಲು ಬರುವ ದಾರಿಯಲ್ಲಿ ಮರಿಯನ್ನು ಹಿಡಿದು ನಡೆಸುವ ಹಗ್ಗ ಅಭಯದಾನವೇ ಸರಿ. ಮನೆಯವರ ನಿದ್ದೆಗಾಗಿ ಇಡೀ ಹಗಲು ಬಿಗಿದಿಟ್ಟ ಹಗ್ಗ ಬಂಧ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯೂ ಪ್ರಾಣಿಯನ್ನು ಅತಿ ಗಿಡ್ಡವಾದ ಸರಪಳಿಯಲ್ಲಿ ಅನುಚಿತ ಕಾಲ ಕಟ್ಟಿಡುವುದನ್ನು ಅಪರಾಧವೆಂದಿದೆ. ದಿನಕ್ಕೆ ಎರಡು ಹೊತ್ತು ಓಡಾಟ, ಕಚ್ಚಲು ಒಂದು ಹಳೆಯ ಗೋಣಿಚೀಲದ ಗಂಟು, ಒಂದೇ ಹೊತ್ತಿಗೆ ಊಟ, ಮಲಗಲು ಗೊತ್ತಾದ ಒಂದು ಮೂಲೆ, ಇವಿಷ್ಟರಿಂದ ತುಂಟತನದ ಬಹುಭಾಗ ಹತೋಟಿಗೆ ಬರುತ್ತದೆ. ಕಟ್ಟುವುದು ಸುಲಭ, ಕಲಿಸುವುದು ಕಷ್ಟ. ಮರಿಗೆ ಸಲ್ಲಬೇಕಾದುದು ಕಲಿಕೆಯೇ.

ಐದನೆಯ ಅತಿಚಾರವಾದ ಅನ್ನಪಾನನಿರೋಧವೂ ಇಲ್ಲಿ ಪ್ರಸಕ್ತ. ಬರಿಯ ಹಾಲನ್ನವು ಬೆಳೆಯುವ ಮರಿಗೆ ಪೂರ್ಣಾಹಾರವಲ್ಲ. ಹಸುವಿನ ಹಾಲು ಹಲವು ಮರಿಗಳಿಗೆ ಭೇದಿಯನ್ನೂ ಉಂಟುಮಾಡುತ್ತದೆ. ಬೆಕ್ಕಿನಂತಲ್ಲದೆ ನಾಯಿಯು ಸಸ್ಯಾಹಾರದಲ್ಲಿ ಬದುಕಬಲ್ಲದು. ಆದರೆ ಅದನ್ನು ಪಶುವೈದ್ಯರನ್ನು ಕೇಳಿ ಅಳತೆಯರಿತು ಒದಗಿಸಬೇಕು. ತಮ್ಮ ಆಹಾರನಿಯಮವನ್ನು ಉಳಿಸಿಕೊಂಡೆವೆಂಬ ಸಮಾಧಾನದಲ್ಲಿ ಮರಿಯನ್ನು ಸೊರಗಿಸಿದರೆ ಆ ನಿಯಮದ ಬೆಲೆಯನ್ನು ತೆತ್ತವರು ಮನೆಯವರಲ್ಲ, ಮರಿ.

ಇದಕ್ಕಿಂತ ಕಠಿನವಾದುದು ಔಷಧದ ಪ್ರಶ್ನೆ. ಬೀದಿಯ ಮರಿಗಳ ಹೊಟ್ಟೆಯಲ್ಲಿ ಜಂತುಹುಳುಗಳಿರುವುದು ಸಾಮಾನ್ಯ. ಔಷಧ ಕೊಟ್ಟರೆ ಹುಳುಗಳು ಸಾಯುತ್ತವೆ. ಕೊಡದಿದ್ದರೆ ಮರಿ ಕ್ಷಯಿಸುತ್ತದೆ, ಮನೆಯ ಮಕ್ಕಳಿಗೂ ಅವು ತಗಲಬಹುದು. ಕೃಮಿಯೂ ದ್ವೀಂದ್ರಿಯ ಜೀವವೇ. ಇಲ್ಲಿ ಹಿಂಸೆಯೇ ಇಲ್ಲವೆಂದು ವಾದಿಸುವುದು ಆತ್ಮವಂಚನೆ. ಈ ಲೆಕ್ಕ ಸೊನ್ನೆಗೆ ಬಂದು ನಿಲ್ಲುವುದಿಲ್ಲ. ಆದರೆ ಸಂಕಲ್ಪದ ಭೇದವನ್ನು ಶಾಸ್ತ್ರ ಮರೆತಿಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪದಿಂದ ಯಶೋಧರನು ನವಿಲಾಗಿ, ಅವನ ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟಬೇಕಾಯಿತು. ಕೊಲ್ಲುವ ಸಂಕಲ್ಪ ಅಷ್ಟು ಭಾರವಾದರೆ, ಕಾಪಾಡುವ ಸಂಕಲ್ಪಕ್ಕೂ ತೂಕವಿರಲೇಬೇಕು. ಸಂಕಲ್ಪೀ ಹಿಂಸೆಯನ್ನು ತೊರೆದ ಗೃಹಸ್ಥನು ಆರಂಭೀ ಹಿಂಸೆಯನ್ನು ಪೂರ್ತಿ ತೊರೆಯಲಾರ. ರೋಗಿಯನ್ನು ಉಳಿಸುವ ಭಾವದಿಂದ ಔಷಧ ಕೊಟ್ಟು, ಆದ ಹಿಂಸೆಯನ್ನು ಪ್ರತಿಕ್ರಮಣದಲ್ಲಿ ಒಪ್ಪಿಕೊಳ್ಳುವುದು ಪ್ರಾಮಾಣಿಕ ಮಾರ್ಗ. ರೇಬೀಸ್ ಮೊದಲಾದವುಗಳ ಲಸಿಕೆಯಲ್ಲಂತೂ ಅನುಮಾನಕ್ಕೆ ಎಡೆಯಿಲ್ಲ. ಅದು ಮರಿಗೂ ಊರಿಗೂ ರಕ್ಷೆ.

ಇನ್ನು ಅಜ್ಜನವರ ಮಾತು. ಅಪರಿಗ್ರಹವೆಂದರೆ ವಸ್ತುವು ಕಣ್ಣ ಮುಂದೆ ಇಲ್ಲದಿರುವುದಲ್ಲ. ‘ನನ್ನದು’ ಎಂಬ ಮೂರ್ಛೆ ಇಲ್ಲದಿರುವುದು. ಮೊದಲು ಕೇಳಿದವರಿಗೆ ಕೊಟ್ಟುಬಿಡುವುದರಲ್ಲಿ ಇಳಿಯುವುದು ಮನೆಯ ಭಾರ. ಮರಿಯ ಭಾರ ಇಳಿಯಿತೇ ಎಂದು ನೋಡಿದವರಾರು? ಕೊಡುವ ದಿನ ಯಾರು ಹಗುರವಾದರು ಎಂದು ಕೇಳಿಕೊಂಡರೆ ತ್ಯಾಗವೂ ಜಾರಿಕೆಯೂ ಬೇರೆಬೇರೆಯಾಗಿ ಕಾಣುತ್ತವೆ.

ಯಾರಿಗೆ ಕೊಡಬೇಕು? ತೋಟಕ್ಕೆ ನುಗ್ಗುವ ಕಾಡುಹಂದಿಯ ಮೇಲೆ ಬಿಡಲು ನಾಯಿ ಬೇಕೆಂದು ಒಬ್ಬರು ಬಂದಾರು. ನಾಯಿಯನ್ನು ಹಂದಿಯ ಮೇಲೆ ಬಿಡುವುದು ಈ ನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನವು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಮಣಲೆರನು ಕಾಳಿಯೆಂಬ ನಾಯಿಯನ್ನು ಮೆಚ್ಚಾಗಿ ಬೇಡಿ ಪಡೆದುದನ್ನೂ, ಹಂದಿಯೊಡನೆ ಹೋರಾಡಿ ಕಾಳಿಯೂ ಹಂದಿಯೂ ಸತ್ತುದನ್ನೂ ಹೇಳುತ್ತದೆ. ಮಣಲೆರನ ಪ್ರೀತಿ ಸುಳ್ಳಲ್ಲ. ಕಾಳಿಯ ನೆನಪಿಗೆ ಕಲ್ಲನ್ನೇ ನಿಲ್ಲಿಸಿದ. ಆದರೆ ಆ ಪ್ರೀತಿ ಎರಡು ಜೀವಗಳನ್ನು ಉಳಿಸಲಿಲ್ಲ. ಉದ್ದೇಶವನ್ನು ತಿಳಿದೂ ಅಂಥವರಿಗೆ ಮರಿಯನ್ನು ಕೊಡುವುದು ಹಿಂಸಾದಾನ.

ಇನ್ನೊಬ್ಬರು ಸಜ್ಜನರು, ಮಕ್ಕಳಿರುವ ಮನೆ, ವಿಶಾಲ ಅಂಗಳ, ನಾಯಿಯ ಮೇಲೆ ಅಕ್ಕರೆ, ಆದರೆ ಮಾಂಸಾಹಾರಿಗಳು. ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಬಲ್ಲ ಶ್ರಾವಕನ ಮನಸ್ಸು ಇಲ್ಲಿ ಹಿಂಜರಿಯುವುದು ಸಹಜ. ಆದರೆ ಆ ಮನೆಯ ಅಡಿಗೆ ಮರಿಗಾಗಿ ಆರಂಭವಾದುದಲ್ಲ. ಕೊಡುವವನ ಉದ್ದೇಶವೂ ಅದಲ್ಲ. ಸಸ್ಯಾಹಾರಿಗಳ ಮನೆ ಸಿಕ್ಕರೆ ಉತ್ತಮ, ಸಸ್ಯಾಹಾರವನ್ನೇ ಕೊಡಿರೆಂದು ವಿನಂತಿಸುವುದೂ ಯುಕ್ತ. ಸಿಗದಿದ್ದರೆ, ದಯೆಯುಳ್ಳ ಮನೆಯನ್ನು ಬಿಟ್ಟು ಮರಿಯನ್ನು ಬೀದಿಗೆ ಮರಳಿಸುವುದು ತನ್ನ ಶುದ್ಧಿಯನ್ನು ಅನ್ಯಜೀವದ ಪ್ರಾಣಕ್ಕಿಂತ ಮೇಲಿಟ್ಟಂತೆ. ಬೀದಿಯಲ್ಲಿ ಅದು ತಿನ್ನುವುದಾದರೂ ಏನನ್ನು? 2025ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯವು ಬೀದಿನಾಯಿಗಳ ವಿಷಯದಲ್ಲಿ ನೀಡಿದ ಆದೇಶದಲ್ಲಿ, ದತ್ತು ಪಡೆದ ನಾಯಿಯು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದೆಂದು ಹೇಳಿತು. ಕೊಡುವವರಿಗೂ ಹೊಣೆ ತಪ್ಪದು. ಮನೆಯನ್ನು ಮೊದಲೇ ಹೋಗಿ ನೋಡಬೇಕು. ಮರಿಯ ತುಂಟತನವನ್ನು ಮುಚ್ಚಿಡದೆ ಹೇಳಬೇಕು. ಮಾಲಿನ ದೋಷ ಮುಚ್ಚಿ ಮಾರುವುದು ವರ್ತಕಧರ್ಮವಲ್ಲ. ಲಸಿಕೆಯ ಚೀಟಿಯನ್ನು ಕೈಗೆ ಕೊಡಬೇಕು. ಹೊಂದಿಕೆಯಾಗದಿದ್ದರೆ ಮರಳಿ ತನ್ನಿರೆಂದು ಮಾತು ಕೊಡಬೇಕು. ಗೋಶಾಲೆ, ಪಾಂಜರಪೋಳಗಳಿಗೆ ಉದಾರವಾಗಿ ಕೊಡುವ ಬಸದಿಗಳ ಟ್ರಸ್ಟುಗಳು ಇಂಥ ಮನೆಗಳಿಗೆ ವೈದ್ಯರ ಖರ್ಚನ್ನಷ್ಟು ವಹಿಸಿಕೊಂಡರೂ ಅದು ಸತ್ಪಾತ್ರವಾದ ಕರುಣಾದಾನವಾಗುತ್ತದೆ.

ಕೊನೆಯದಾಗಿ ಮೊಮ್ಮಗಳ ಕಣ್ಣೀರು. ಅದನ್ನು ಮೋಹವೆಂದು ಜರೆಯುವವರು ಒಂದು ವಿಷಯವನ್ನು ನೆನೆಯಬೇಕು. ರಾತ್ರಿಯೆಲ್ಲ ಎದ್ದು ಮರಿಯನ್ನು ಸಂತೈಸಿದವಳು ಅವಳೇ. ಆ ಮಮತೆಯಿಲ್ಲದಿದ್ದರೆ ಮರಿ ಮಳೆಯಲ್ಲಿಯೇ ಮುಗಿದಿರುತ್ತಿತ್ತು. ಆದರೆ ತನ್ನ ಪ್ರೀತಿಗಾಗಿ ಮರಿಯನ್ನು ಉಳಿಸಿಕೊಳ್ಳುವುದೂ, ತನ್ನ ನೆಮ್ಮದಿಗಾಗಿ ಅದನ್ನು ಕಳುಹಿಸುವುದೂ ಒಂದೇ ದೋಷದ ಎರಡು ರೂಪಗಳೆಂದು ಅವಳಿಗೆ ಮೆಲ್ಲನೆ ತಿಳಿಸಿಕೊಡಬೇಕು. ಮರಿಯನ್ನು ಒಪ್ಪಿಸಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಬೇಕು. ಅದು ಮಲಗುತ್ತಿದ್ದ ಹಳೆಯ ಸೀರೆಯ ತುಂಡನ್ನು ಹೊಸ ಮನೆಯವರಿಗೆ ಅವಳ ಕೈಯಿಂದಲೇ ಕೊಡಿಸಬೇಕು. ಅವಳು ಅಳಬಹುದು, ಅಳಲಿ. ನ್ಯಾಸವನ್ನು ಕುಂದಿಲ್ಲದೆ ಒಪ್ಪಿಸಿ ಬಂದ ಮಗುವಿಗೆ ಅಪರಿಗ್ರಹವೆಂಬ ಮಾತಿನ ಅರ್ಥವನ್ನು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.