ಪಕ್ಷಾಭಿಮಾನವೂ ಹೊಣೆಯೂ

ತಾನು ಆಡದ ಆಟದಲ್ಲಿ ತನಗೆ ಗೆಲವಾಯಿತೆಂದು ಹಿಗ್ಗುವುದು ಮನುಷ್ಯನ ಸ್ವಭಾವಗಳಲ್ಲಿ ಒಂದು. ಕಂಬಳದ ಕರೆಯಲ್ಲಿ ಓಡಿದವನು ಬೇರೆ, ಕೋಣಗಳನ್ನು ಸಾಕಿದವನು ಬೇರೆ, ಬಹುಮಾನದ ಚಿನ್ನವನ್ನು ಮನೆಗೆ ಒಯ್ದವನು ಬೇರೆ. ಆದರೂ ದಂಡೆಯ ಮೇಲೆ ರಾತ್ರಿಯೆಲ್ಲ ನಿದ್ದೆಗೆಟ್ಟು ನಿಂತವನು ಮರುದಿನ ಬಸ್ಸಿನಲ್ಲಿ ಕುಳಿತು "ನಿನ್ನೆ ನಾವು ಗೆದ್ದೆವು" ಎನ್ನುತ್ತಾನೆ. ಕೇಳಿದವರಲ್ಲಿ ಯಾರೂ "ನೀನೆಲ್ಲಿ ಓಡಿದೆ?" ಎಂದು ಪ್ರಶ್ನಿಸುವುದಿಲ್ಲ. ಕಾಲ್ಚೆಂಡಾಟಕ್ಕೆ ಮರುಳಾದ ದೇಶಗಳಲ್ಲಿಯೂ ಇದೇ ಮಾತು ನಡೆಯುತ್ತದೆ. ಈ "ನಾವು" ಎಂಬ ಶಬ್ದವನ್ನು ಆಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು? ಯಾವನು ಅದನ್ನು ನ್ಯಾಯವಾಗಿ ಆಡಬಲ್ಲನು, ಯಾವನು ಬರಿಯ ಬಾಯಿಚಪಲದಿಂದ ಆಡುವನು? ಸಣ್ಣದೆಂದು ತೋರುವ ಈ ಪ್ರಶ್ನೆಯೊಳಗೆ ಧರ್ಮವಿಚಾರವೊಂದು ಅಡಗಿದೆ. ವಾಚಕಮಹಾಶಯರು ಸ್ವಲ್ಪ ತಾಳ್ಮೆಯಿಂದ ಅದನ್ನು ನನ್ನೊಡನೆ ಪರಿಶೀಲಿಸಬೇಕೆಂದು ಬೇಡುತ್ತೇನೆ.

ನಮ್ಮ ಮೂರು ತಾಲೂಕುಗಳಲ್ಲಿ ಈ ವಿಚಾರಕ್ಕೆ ಕಂಬಳಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟವಾಳ ತಾಲೂಕಿನ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಅದೇ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ, ಹೀಗೆ ಹೆಸರು ಹೊತ್ತ ಜೋಡುಕರೆಗಳುಂಟು. ಮಳೆಗಾಲದ ಬೆಳೆ ಕೊಯ್ದು ಮುಗಿದ ಬಳಿಕ ಬೇಸಗೆಯ ಬಿಸಿಲು ಬಲಿಯುವ ತನಕ ಒಂದಾದ ಮೇಲೊಂದರಂತೆ ಕಂಬಳಗಳು ನಡೆಯುವುವು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂಬ ಭೇದಗಳೂ, ಹಗ್ಗ ನೇಗಿಲುಗಳಲ್ಲಿ ಹಿರಿಯ ಕಿರಿಯವೆಂಬ ತರಗತಿಗಳೂ ಇವೆ. ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿಯನ್ನು ಏರುವುದಕ್ಕೆ ಕಾಲು ನಿಮಿಷವೂ ಹಿಡಿಯುವುದಿಲ್ಲ. ಆದರೆ ಆ ಕಾಲು ನಿಮಿಷಕ್ಕಾಗಿ ವರ್ಷವಿಡೀ ಹುರುಳಿ ಬೇಯಿಸಿ ತಿನಿಸಿ, ಎಣ್ಣೆ ತಿಕ್ಕಿ, ನೀರಿಗಿಳಿಸಿ ಈಜಿಸಿ ಸಾಕುವ ಮನೆಗಳಿವೆ; ಇಂತಹ ಮನೆಯ ಕೋಣಗಳೇ ತಮ್ಮವೆಂದು ಊರಿಂದೂರಿಗೆ ಹಿಂಬಾಲಿಸುವ ಜನರಿದ್ದಾರೆ. ಇವರಲ್ಲಿ ನಿಜವಾದ ಅಭಿಮಾನಿ ಯಾರು?

ಮೊದಲು ಎಲ್ಲರ ಬಾಯಲ್ಲೂ ಬರುವ ಉತ್ತರವಿದು: ಸೋತ ದಿನವೂ ಕೈಬಿಡದವನೇ ನಿಜವಾದ ಅಭಿಮಾನಿ. ಪದಕ ಬಂದ ವರ್ಷ ಹೆಗಲ ಮೇಲೆ ಶಾಲು ಹೊದ್ದು ಕೋಣಗಳ ಪಕ್ಕದಲ್ಲಿ ಚಿತ್ರ ತೆಗೆಯಿಸಿಕೊಂಡು, ಅವು ಕುಂಟಿದ ವರ್ಷ ಬೇರೆ ಮನೆಯ ಹಟ್ಟಿಯನ್ನು ಹುಡುಕುವವನು ಅಭಿಮಾನಿಯಲ್ಲ, ಫಲದ ವ್ಯಾಪಾರಿ. ಈ ಮಾತಿನಲ್ಲಿ ಸತ್ಯಾಂಶವಿದೆ. ಸ್ನೇಹವನ್ನೂ ದಾಂಪತ್ಯವನ್ನೂ ನಾವು ಅಳೆಯುವುದು ಆಪತ್ಕಾಲದಲ್ಲಿಯೇ ಅಲ್ಲವೇ? ಆದರೆ ಇದೊಂದೇ ಸಾಲದು. ಕೈಬಿಡದೆ ಇರುವುದಕ್ಕೆ ಪ್ರೀತಿಯೊಂದೇ ಕಾರಣವಾಗಬೇಕಾಗಿಲ್ಲ. ಹಠವೂ ಆಗಬಹುದು, ಎದುರು ಮನೆಯ ಮೇಲಿನ ಮತ್ಸರವೂ ಆಗಬಹುದು. ತಮ್ಮ ಕೋಣ ಗೆಲ್ಲಬೇಕೆಂಬುದಕ್ಕಿಂತ ಇನ್ನೊಬ್ಬರ ಕೋಣ ಸೋಲಬೇಕೆಂಬ ಹಂಬಲವೇ ಹೆಚ್ಚಾಗಿರುವ ಜನರು ಹತ್ತು ವರ್ಷ ಸೋತರೂ ಪಕ್ಷ ಬಿಡುವುದಿಲ್ಲ. ಸ್ಥಿರತೆಯು ಅಭಿಮಾನದ ದೇಹ. ಅದರೊಳಗೆ ಯಾವ ಜೀವ ನೆಲಸಿದೆಯೆಂಬುದನ್ನು ಬೇರೆಯಾಗಿ ನೋಡಬೇಕು.

ಎರಡನೆಯ ಉತ್ತರವು ಊರು ಮತ್ತು ಹುಟ್ಟಿಗೆ ಸಂಬಂಧಿಸಿದುದು. ನಮ್ಮ ಊರಿನ, ನಮ್ಮ ಮಾಗಣೆಯ, ನಮ್ಮ ನೆಂಟರ ಮನೆಯ ಕೋಣಗಳು; ಆದುದರಿಂದ ನಾವು ಅವುಗಳ ಪಕ್ಷ. ಇದರ ಬಲವನ್ನು ತಿಳಿಯಲು ದೂರದೇಶದ ಒಂದು ಕಥೆಯನ್ನು ಹೇಳುವೆನು. ಲಂಡನ್ ನಗರದ ವಿಂಬಲ್ಡನ್ ಎಂಬ ಭಾಗದಲ್ಲಿ 1889ರಲ್ಲಿ ಹುಟ್ಟಿದ ಕಾಲ್ಚೆಂಡಿನ ಸಂಘವೊಂದಿತ್ತು. 1988ರಲ್ಲಿ ಅದು ಬಲಾಢ್ಯವಾದ ಲಿವರ್‌ಪೂಲನ್ನು ಸೋಲಿಸಿ ದೇಶದ ದೊಡ್ಡ ಬಟ್ಟಲನ್ನು ಗೆದ್ದಿತು. ಮುಂದೆ ಅದರ ಒಡೆಯರು ಸಂಘವನ್ನು ಬಹುದೂರದ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಸಾಗಿಸಲು ನಿಶ್ಚಯಿಸಿದರು. 2002ರ ಮೇ ತಿಂಗಳಿನಲ್ಲಿ ಅದಕ್ಕೆ ಅಪ್ಪಣೆಯೂ ದೊರೆಯಿತು. ಆಟಗಾರರು, ಪತ್ರಗಳು, ಆಸ್ತಿ, ಎಲ್ಲವೂ ಒಡೆಯರದೇ. ಆದರೆ ನೋಡುವ ಜನರು ಹೋಗಲಿಲ್ಲ. ಅವರು ಅದೇ ವರ್ಷ ಬಯಲಿನಲ್ಲಿ ಆಟಗಾರರನ್ನು ಆರಿಸಿ, ತೀರ ಕೆಳಗಿನ ಮೆಟ್ಟಲಿನಿಂದ ಆಡುವ ಹೊಸ ಸಂಘವೊಂದನ್ನು ತಾವೇ ಕಟ್ಟಿದರು. ಅದು ಮೆಟ್ಟಲು ಮೆಟ್ಟಲಾಗಿ ಏರಿ 2011ರಲ್ಲಿ ಮೇಲಣ ಕೂಟವನ್ನು ಸೇರಿ, 2020ರಲ್ಲಿ ತನ್ನ ಹಳೆಯ ಬೀದಿಗೇ ಮರಳಿತು. ಹಾಗಾದರೆ ನಿಜವಾದ ವಿಂಬಲ್ಡನ್ ಯಾವುದು? ಸಾಗಿಹೋದುದೋ, ಉಳಿದವರು ಕಟ್ಟಿದುದೋ? ಕಾಗದಪತ್ರಗಳನ್ನು ನೋಡಿ ಉತ್ತರ ಹೇಳುವವನು ವಕೀಲನಾದಾನು, ಅಭಿಮಾನಿಯಾಗಲಾರನು.

ನಮ್ಮಲ್ಲಿಯೂ ಇದರ ಪ್ರತಿರೂಪವಿಲ್ಲದಿಲ್ಲ. ಹೆಸರು ಮಾಡಿದ ಕೋಣವು ಒಂದು ಮನೆಯಿಂದ ಇನ್ನೊಂದು ಮನೆಗೆ ಮಾರಾಟವಾಗಿ ಹೋಗುತ್ತದೆ. ಓಟಗಾರನು ಈ ವರ್ಷ ಒಬ್ಬರ ಕೋಣಗಳನ್ನು ಓಡಿಸಿದರೆ ಮುಂದಿನ ವರ್ಷ ಮತ್ತೊಬ್ಬರವನ್ನು ಓಡಿಸುತ್ತಾನೆ. ಆಗ ಅಭಿಮಾನಿಯು ಯಾರ ಹಿಂದೆ ಹೋಗಬೇಕು? ಕೋಣದ ಹಿಂದೆಯೋ, ಮನೆಯ ಹೆಸರಿನ ಹಿಂದೆಯೋ, ಓಟಗಾರನ ಹಿಂದೆಯೋ? ಮೂರರಲ್ಲಿ ಯಾವುದನ್ನು ಹಿಡಿದರೂ ದೋಷವಿಲ್ಲವೆಂದು ನನಗೆ ತೋರುತ್ತದೆ, ಆದರೆ ಹಿಡಿದುದನ್ನು ಏಕೆ ಹಿಡಿದೆನೆಂಬುದು ಅವನಿಗೆ ತಿಳಿದಿರಬೇಕು. ವಿಂಬಲ್ಡನ್ನಿನ ಜನರು ಹಿಡಿದುದು ಹೆಸರನ್ನಲ್ಲ, ಗೆಲವನ್ನಲ್ಲ. ಒಬ್ಬರೊಡನೊಬ್ಬರು ಬೆಳೆಸಿದ ವಿಶ್ವಾಸವನ್ನು. ಅದನ್ನು ಮಾರುವುದಕ್ಕೆ ಒಡೆಯನಿಗೆ ಹಕ್ಕಿರಲಿಲ್ಲ, ಏಕೆಂದರೆ ಅದು ಅವನ ಸೊತ್ತಾಗಿರಲಿಲ್ಲ. ಆದರೂ ಊರಿನಲ್ಲಿ ಹುಟ್ಟಿದುದು ಮಾತ್ರದಿಂದ ಯಾರೂ ಅಭಿಮಾನಿಯಾಗುವುದಿಲ್ಲ. ಹುಟ್ಟು ನಮಗೆ ತಾನಾಗಿ ಒದಗಿದುದು. ವಿಶ್ವಾಸವನ್ನು ನಾವು ಉಳಿಸಬೇಕಾದುದು.

ಮೂರನೆಯ ಉತ್ತರವು ತಿಳಿವಳಿಕೆಯದು: ಮರ್ಮವನ್ನು ಬಲ್ಲವನೇ ಅಭಿಮಾನಿ, ಉಳಿದವರು ಗದ್ದಲದ ಗುಂಪು. ಇದಕ್ಕೂ ಒಂದು ಪ್ರಸಂಗವುಂಟು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ 100 ಮೀಟರಿಗೆ 9.55 ಸೆಕೆಂಡೆಂದೂ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟನು ಓಡಿದ 9.58 ಸೆಕೆಂಡಿಗಿಂತ ಇದು ಕಡಮೆಯೆಂದೂ ಸಾರಿದರು. ಕಂಬಳವನ್ನು ಕಣ್ಣಿಂದ ಕಾಣದವರೂ ಒಂದೇ ವಾರದಲ್ಲಿ ಅಭಿಮಾನಿಗಳಾದರು. ಆದರೆ ಆ ಓಟಗಾರರೇ ಈ ಹೋಲಿಕೆ ಸಲ್ಲದೆಂದೂ, ತಮ್ಮ ವೇಗದಲ್ಲಿ ಕೋಣಗಳ ಪಾಲಿದೆಯೆಂದೂ ಹೇಳಿದರು. ಓಟದ ಪರೀಕ್ಷೆಗೆ ಕರೆ ಬಂದಾಗ ಹೋಗಲೊಪ್ಪಲಿಲ್ಲ. ಹೊರಗಿನವರು ಗಡಿಯಾರವನ್ನು ನೋಡಿದರು, ಕೋಣಗಳನ್ನು ಮರೆತರು. ಬಲ್ಲವರು ಮರೆಯಲಿಲ್ಲ. ತಿಳಿವಳಿಕೆಗೆ ಬೆಲೆಯಿದೆಯೆಂಬುದು ಇದರಿಂದ ಸ್ಪಷ್ಟ. ಆದರೆ ಹಟ್ಟಿಯ ಬಳಿ ಮುಂಜಾನೆ ಹುರುಳಿ ಬೇಯಿಸುವ ಮನೆಯ ಹೆಂಗಸಿಗೆ ಸೆಕೆಂಡಿನ ಲೆಕ್ಕ ತಿಳಿಯದಿರಬಹುದು, ಆಕೆ ಕಂಬಳದ ಕಳಕ್ಕೆ ಬಾರದೆಯೂ ಇರಬಹುದು. ಆಕೆಯನ್ನು ಅಭಿಮಾನಿಗಳ ಪಂಕ್ತಿಯಿಂದ ಎಬ್ಬಿಸಿ ಕಳುಹಿಸುವ ಧೈರ್ಯ ಯಾವ ಮರ್ಮಜ್ಞನಿಗಿದೆ?

ಸ್ಥಿರತೆ, ಊರು, ತಿಳಿವಳಿಕೆ, ಇವು ಮೂರೂ ಬೇಕಾದ ಗುಣಗಳೇ. ಆದರೆ ಮೂರರಲ್ಲಿಯೂ ಮೂಲ ದೊರೆಯಲಿಲ್ಲ. ಅದನ್ನು ಶಬ್ದದಲ್ಲಿಯೇ ಹುಡುಕಿದರೆ ಹೇಗೆ? ಅಭಿಮಾನವೆಂಬ ಪದಕ್ಕೆ ಸಂಸ್ಕೃತದಲ್ಲಿ ಗರ್ವವೆಂಬ ಅರ್ಥವುಂಟು. ಕನ್ನಡದಲ್ಲಿ ಪ್ರೀತಿ, ಮಾನ ಎಂಬ ಅರ್ಥಗಳೂ ಉಂಟು. ನಮ್ಮ ವೇದಾಂತಿಗಳು ಇದೇ ಪದವನ್ನು ಮತ್ತೊಂದು ರೀತಿಯಲ್ಲಿ ಬಳಸುವರು: ವಾಕ್ಕಿಗೆ ಅಗ್ನಿಯು ಅಭಿಮಾನಿ ದೇವತೆ, ಕಣ್ಣಿಗೆ ಸೂರ್ಯನು ಅಭಿಮಾನಿ ದೇವತೆ. ಇಲ್ಲಿ ಅಭಿಮಾನಿಯೆಂದರೆ ಆ ವಸ್ತುವಿನ ಹೆಸರಿನಲ್ಲಿ ಬೀಗುವವನಲ್ಲ, ಅದರಲ್ಲಿ ನೆಲಸಿ ಅದರ ಹೊಣೆ ಹೊತ್ತವನು. "ಇದು ನನ್ನದು, ಆದುದರಿಂದ ನಾನು ದೊಡ್ಡವನು" ಎಂಬುದು ಒಂದು ಅಭಿಮಾನ. "ಇದು ನನ್ನದು, ಆದುದರಿಂದ ಇದಕ್ಕೆ ನಾನು ಉತ್ತರ ಹೇಳಬೇಕಾದವನು" ಎಂಬುದು ಇನ್ನೊಂದು. ಎರಡರ ನಡುವಿನ ಅಂತರವೇ ನಾವು ಹುಡುಕುತ್ತಿರುವ ಭೇದವೆಂದು ನನ್ನ ಮತ.

ಈ ಭೇದವು ಬರಿಯ ಮಾತಿನದಲ್ಲವೆಂಬುದನ್ನು ಇತ್ತೀಚಿನ ವರ್ಷಗಳು ತೋರಿಸಿಕೊಟ್ಟಿವೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮೊದಲಾದ ಆಟಗಳನ್ನು ಪ್ರಾಣಿಹಿಂಸೆಯ ಕಾರಣದಿಂದ ನಿಷೇಧಿಸಿತು. ಅದರ ಬೆನ್ನಲ್ಲೇ ಕಂಬಳಕ್ಕೂ ಕಂಟಕ ಬಂದು, 2016ರ ನವೆಂಬರಿನಲ್ಲಿ ಹೈಕೋರ್ಟಿನ ತಡೆಯಾಯಿತು. 2017ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ಜನರು ಕೋಣಗಳೊಡನೆ ಮೆರವಣಿಗೆ ಹೊರಟು ಕಂಬಳವು ಉಳಿಯಬೇಕೆಂದು ಕೂಗಿದರು. ಅದೇ ವರ್ಷ ಸರಕಾರವು ಕಾನೂನಿಗೆ ತಿದ್ದುಪಡಿ ತಂದಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು; 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗಳಿಗೆ ಅನಾವಶ್ಯಕವಾದ ನೋವನ್ನುಂಟುಮಾಡಕೂಡದೆಂಬ ನಿಬಂಧನೆಯು ಆ ಕಾನೂನಿನೊಳಗೇ ಇದೆ. ಮೆರವಣಿಗೆಯಲ್ಲಿ ನಡೆದವರೆಲ್ಲರೂ "ನಮ್ಮ ಕೋಣಗಳನ್ನು ನಾವು ಮಕ್ಕಳಂತೆ ಸಾಕುತ್ತೇವೆ" ಎಂಬ ಮಾತಿಗೆ ಲೋಕದ ಮುಂದೆ ಜಾಮೀನು ನಿಂತಂತಾಯಿತು. ಜಾಮೀನು ನಿಂತವನಿಗೆ ಸಾಲ ತೀರುವ ತನಕ ಬಿಡುಗಡೆಯಿಲ್ಲ. ಆದುದರಿಂದ ಓಟದ ನಡುವೆ ಬೆತ್ತ ಬಲವಾಗಿ ಬಿದ್ದಾಗ ದಂಡೆಯ ಮೇಲಿಂದ "ಇನ್ನೂ ಒಂದು ಬೀಳಲಿ" ಎಂದು ಕೂಗುವವನು ಕೋಣದ ಮೈಯನ್ನು ಮಾತ್ರ ನೋಯಿಸುತ್ತಿಲ್ಲ. ತಾನೇ ಬರೆದುಕೊಟ್ಟ ಪತ್ರವನ್ನು ಹರಿಯುತ್ತಿದ್ದಾನೆ. ಗೆದ್ದಾಗ "ನಾವು ಗೆದ್ದೆವು" ಎನ್ನುವವನು, ಮೈಯಲ್ಲಿ ಬಾಸುಂಡೆ ಕಂಡಾಗ "ಅವರು ಹೊಡೆದರು" ಎಂದು ಜಾರಿಕೊಳ್ಳುವುದು ಯಾವ ನ್ಯಾಯ?

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕೋಣದ ನೋವನ್ನೂ ಎದುರಾಳಿಯ ಮಾನವನ್ನೂ ಇಷ್ಟು ಲೆಕ್ಕಿಸುವವನು ಪಕ್ಷದವನಾಗಿ ಹೇಗೆ ಉಳಿದಾನು? ಅವನು ಮಧ್ಯಸ್ಥನಾದನಲ್ಲವೇ? ಮಧ್ಯಸ್ಥನಿಗೆ ಕಂಬಳದ ಬಿಸಿ ಎಲ್ಲಿಂದ ತಾಗಬೇಕು? ಈ ಆಕ್ಷೇಪವು ಹಗುರವಾದುದಲ್ಲ. ಬಿಸಿಯಿಲ್ಲದ ಜನರಿಂದ ಕಂಬಳವೂ ನಡೆಯದು, ಸಾಹಿತ್ಯಸಂಘವೂ ನಡೆಯದು. ಆದರೆ ಮಗನ ವ್ಯಾಜ್ಯವು ಕೋರ್ಟಿನಲ್ಲಿರುವ ತಾಯಿಯನ್ನು ನೆನೆಯಿರಿ. ಮಗನು ಗೆಲ್ಲಲೆಂದು ಆಕೆ ಹರಕೆ ಹೊರುವಳು, ಸೋತರೆ ಉಣ್ಣಲಾರಳು. ಆದರೂ ಸುಳ್ಳುಸಾಕ್ಷಿ ತರುವೆನೆಂದು ಮಗನು ಹೊರಟರೆ ಬಾಗಿಲಿಗೆ ಅಡ್ಡ ನಿಲ್ಲುವಳು. ಆಕೆಯ ಪಕ್ಷಪಾತ ಇದರಿಂದ ಕುಂದಿತೇ? ಮಧ್ಯಸ್ಥನಿಗೆ ಸೋಲಿನಿಂದ ದುಃಖವೇ ಇಲ್ಲ. ನಿಜವಾದ ಅಭಿಮಾನಿಗೆ ದುಃಖವುಂಟು, ಆ ದುಃಖವನ್ನು ನೀಗುವುದಕ್ಕೆ ಎಂತಹ ಬೆಲೆಯನ್ನಾದರೂ ಕೊಡುವೆನೆನ್ನುವ ಬುದ್ಧಿ ಮಾತ್ರ ಇಲ್ಲ.

ಬೆಲೆಯ ಎಣಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ಹಿಂದೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥದೋಟಗಳು ನಡೆಯುತ್ತಿದ್ದುವು. ಜನರು ನೀಲಿಯವರು, ಹಸುರಿನವರು ಎಂದು ಎರಡು ಪಂಗಡವಾಗಿದ್ದರು. ಬಣ್ಣದ ಮೇಲಿನ ಪ್ರೀತಿಯು ದ್ವೇಷವಾಗಿ, ದ್ವೇಷವು ದಂಗೆಯಾಗಿ, 532ರಲ್ಲಿ "ಗೆಲ್ಲು, ಗೆಲ್ಲು" ಎಂದು ಓಟದ ಕಳದಲ್ಲಿ ಕೂಗುತ್ತಿದ್ದ ಕೂಗೇ ದಂಗೆಯ ಕೂಗಾಯಿತು. ಊರು ಬೆಂದುಹೋಯಿತು, ಚಕ್ರವರ್ತಿ ಜಸ್ಟೀನಿಯನನ ಸೈನಿಕರು ಆ ಕಳದೊಳಗೆಯೇ ಸುಮಾರು 30,000 ಜನರನ್ನು ಕೊಂದರೆಂದು ಆ ಕಾಲದ ಚರಿತ್ರಕಾರನು ಬರೆದಿಟ್ಟಿದ್ದಾನೆ. ನಮ್ಮ ಕರೆಗಳ ದಂಡೆಯಲ್ಲಿ ಅಂತಹದೇನೂ ನಡೆದಿಲ್ಲ, ನಡೆಯದಿರಲಿ. ಆದರೆ ಫಲಿತಾಂಶದ ವಿಷಯದಲ್ಲಿ ವಾದ ಬೆಳೆದು, ನೆರೆಮನೆಯವರೊಡನೆ ಮಾತು ಬಿಡುವ ರೂಢಿ ಆ ದೊಡ್ಡ ಬೆಂಕಿಯ ಸಣ್ಣ ಕಿಡಿಯೇ ಸರಿ.

ನಮ್ಮವರು ಕರೆಗಳಿಗೆ ಇಟ್ಟ ಹೆಸರುಗಳನ್ನು ನೋಡಿದರೆ ಈ ಕಿಡಿಯನ್ನು ಮುಂದಾಗಿಯೇ ಕಂಡಿದ್ದರೋ ಎಂದೆನಿಸುತ್ತದೆ. ಪರಸ್ಪರ ಸ್ಪರ್ಧಿಸುವ ಎರಡು ಹಾದಿಗಳಿಗೆ ರಾಮ-ರಾವಣ ಎಂದಾಗಲಿ, ಭೀಮ-ದುರ್ಯೋಧನ ಎಂದಾಗಲಿ ಹೆಸರಿಡಲಿಲ್ಲ. ಕೋಟಿ ಮತ್ತು ಚೆನ್ನಯರು ಒಂದೇ ತಾಯಿಯ ಅವಳಿಮಕ್ಕಳು, ಲವಕುಶರೂ ಹಾಗೆಯೇ, ಸೂರ್ಯಚಂದ್ರರು ಲೋಕದ ಎರಡು ಕಣ್ಣುಗಳು. ಕಕ್ಯಪದವಿನಲ್ಲಿ ಸತ್ಯದ ಕರೆಯ ಕೋಣಗಳು ಧರ್ಮದ ಕರೆಯ ಕೋಣಗಳಿಗಿಂತ ಒಂದು ಮೂತಿಯಷ್ಟು ಮುಂದಾಗಿ ಮಂಜೊಟ್ಟಿಯನ್ನು ಮುಟ್ಟಿದರೆ, ಅಲ್ಲಿ ಧರ್ಮವು ಸೋತಿತೆಂದು ಯಾರು ಹೇಳಿಯಾರು? ಕನೆಹಲಗೆಯಲ್ಲಂತೂ ಎದುರಾಳಿಯ ಕೋಣಗಳೇ ಪಕ್ಕದಲ್ಲಿಲ್ಲ. ಚಿಮ್ಮಿದ ನೀರು ಆರೂವರೆ ಕೋಲು ಇಲ್ಲವೇ ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದೊಂದೇ ಪ್ರಶ್ನೆ. ನೀರು ಮೇಲೇರಿ ಬಟ್ಟೆ ತೊಯ್ದಾಗ ಯಾರ ಕೋಣವೆಂದು ಕೇಳದೆ ದಂಡೆಯೆಲ್ಲ ಒಂದಾಗಿ ಕೂಗುತ್ತದೆ. ಆ ಒಂದು ಕ್ಷಣ ಎಲ್ಲರ "ನಾವು" ಒಂದೇ ಆಗಿರುತ್ತದೆ.

ಆದುದರಿಂದ ಇಷ್ಟು ಹೇಳಿ ಮುಗಿಸುವೆನು. ನಾವೆಂಬ ಶಬ್ದವನ್ನು ಗೆಲವಿನ ದಿನ ಯಾರೂ ಆಡಬಲ್ಲರು. ಸೋಲಿನ ದಿನ ಆಡುವವನಿಗೆ ಸ್ಥೈರ್ಯವಿದೆ. ತಮ್ಮವರಿಂದ ಅನ್ಯಾಯ ನಡೆದ ದಿನವೂ ಅದನ್ನೇ ಆಡಿ, "ನಾವು ಹೊಡೆದೆವು, ನಾವು ತಿದ್ದಿಕೊಳ್ಳಬೇಕು" ಎಂದು ತನ್ನ ಪಕ್ಷದ ನಡುವೆಯೇ ನಿಂತು ಹೇಳುವವನಿಗೆ ಆ ಶಬ್ದವು ಪೂರ್ಣವಾಗಿ ಸಲ್ಲುತ್ತದೆ. ಅಂತಹವರು ದಂಡೆಯಲ್ಲಿ ಹತ್ತು ಜನರಿದ್ದರೂ ಸಾಕು, ಕಂಬಳವನ್ನು ಉಳಿಸುವುದಕ್ಕೆ ಮುಂದೆ ಮೆರವಣಿಗೆ ಹೊರಡಬೇಕಾದ ಪ್ರಸಂಗ ಬಾರದು.