ಹಲಗೆಯ ಮೇಲಿನ ಹುಟ್ಟುಹಬ್ಬ

ನಮ್ಮ ಶಾಲೆಯ ಬಾಗಿಲ ಬಳಿ ಒಂದು ಕರಿಹಲಗೆ ಇದೆ. ದಿನಾ ಬೆಳಿಗ್ಗೆ ಅದರ ಮೇಲೆ ‘ಇಂದಿನ ವಿಶೇಷ’ ಬರೆಯುವುದು ನನ್ನ ಪಾಲಿನ ಕೆಲಸ. ಕವಿಗಳು, ವಿಜ್ಞಾನಿಗಳು, ದೇಶಭಕ್ತರು ಸರದಿಯಂತೆ ಬಂದು ಹೋಗುತ್ತಾರೆ. ಈ ಸಲ ಜೂನ್ ೯ರಂದು ಬಿ. ಜಯಶ್ರೀಯವರ ಹೆಸರು ಬರೆದೆ. ೧೯೫೦ರಲ್ಲಿ ಹುಟ್ಟಿದವರು, ಗುಬ್ಬಿ ವೀರಣ್ಣನವರ ಮೊಮ್ಮಗಳು, ರಂಗಗೀತೆಗಳನ್ನು ಕಂಚಿನ ಕಂಠದಲ್ಲಿ ಹಾಡುವವರು, ೨೦೧೩ರಲ್ಲಿ ಪದ್ಮಶ್ರೀ. ಏಳನೇ ತರಗತಿಯ ಹುಡುಗಿಯೊಬ್ಬಳು ನಿಂತು ಓದಿ, “ಮಿಸ್, ನಾಟಕದೋರ ಹುಟ್ಟಿದಬ್ಬಾನೂ ಬರೀತಾರಾ?” ಎಂದಳು.

“ಯಾಕೆ ಬರೀಬಾರ್ದು?” ಎಂದು ಜೋರಾಗಿಯೇ ಕೇಳಿದೆ. ಕೇಳಿದ ಮೇಲೆ ಬಾಯಿ ಒಣಗಿತು.

೧೯೯೯ರ ಜನವರಿ. ಅಡಿಕೆ ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತು ನೋಡಿ ಶಿವಮೊಗ್ಗದಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತ್ತು. ಅದರ ನಟಿಯೊಬ್ಬರು ಆರು ದಾಟಿದ ಮಗಳನ್ನು ಕರೆದುಕೊಂಡು, ನಾನು ಆಗ ಪಾಠ ಮಾಡುತ್ತಿದ್ದ ಶಾಲೆಗೆ ಬಂದರು. ಹುಟ್ಟಿದ ತಾರೀಖು ಕೇಳಿದೆ.

“ತಾರೀಖು ಎಲ್ಲಿಂದ ತರ್ಲಿ ಅಕ್ಕಾರ? ಶಿರಸಿ ಜಾತ್ರ್ಯಾಗ ಕ್ಯಾಂಪ್ ಇತ್ತು. ದಿನಾ ತುಂಬಿದ್ವು, ಪಾರ್ಟು ಬಿಟ್ಟಿದ್ದೆ, ಸೈಡ್‌ವಿಂಗಿನಾಗ ನಿಂತು ಹಾಡಷ್ಟ ಹಾಡ್ತಿದ್ದೆ. ತೇರು ಎಳದ ಮರುದಿನ ಹುಟ್ಯಾಳ ನೋಡ್ರಿ.”

ಶಿರಸಿ ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ೧೯೯೨ರ ಪಂಚಾಂಗವೊಂದು ಸಿಕ್ಕಿದ್ದರೆ ತಾರೀಖು ಐದು ನಿಮಿಷದಲ್ಲಿ ಹೊರಬೀಳುತ್ತಿತ್ತು. ನಾನು ಮಾತ್ರ ನಮ್ಮ ಕಸುಬಿನ ಹಳೇ ರೂಢಿಯಂತೆ ೧-೬-೧೯೯೨ ಎಂದು ಬರೆದು ಕೈ ತೊಳೆದುಕೊಂಡೆ. ಎಷ್ಟು ಮಕ್ಕಳನ್ನು ನಾವು ಮೇಷ್ಟರುಗಳು ಜೂನ್ ಒಂದರಂದೇ ಹುಟ್ಟಿಸಿದ್ದೇವೋ!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಫೆಬ್ರವರಿಯಲ್ಲಿ ನನ್ನ ಮಗಳ ಹುಟ್ಟುಹಬ್ಬ ಬಂತು. ದುರ್ಗಿಗುಡಿಯ ನಮ್ಮ ಮನೆಗೆ ಯಾರು ಯಾರನ್ನು ಕರೆಯಬೇಕೆಂದು ಬೆರಳು ಮಡಚುತ್ತಾ ಅವಳು ಆ ಹುಡುಗಿಯ ಹೆಸರನ್ನೂ ಹೇಳಿದಳು. “ಬೇಡ ಕಣೆ, ಅವರು ನಾಟಕದವರು, ಇವತ್ತಿದ್ದು ನಾಳೆ ಹೋಗೋರು” ಎಂದೆ. ಅದೇ ವಾರ ಅತ್ತೆಯವರನ್ನೂ ಕರೆದುಕೊಂಡು ಮನೆಮಂದಿಯೆಲ್ಲ ಆ ನಾಟಕಕ್ಕೆ ಹೋದೆವು. ಆಕೆ ಹಾಡಿದ ಹಾಡಿಗೆ ನಮ್ಮ ಸಾಲಿನಿಂದಲೇ “ಒನ್ಸ್ ಮೋರ್” ಎದ್ದಿತು. ಆಕೆ ಕೈಮುಗಿದು ಮತ್ತೆ ಮೊದಲಿನಿಂದ ಹಾಡಿದರು. ನಾನೂ ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ.

ಸಿನಿಮಾ ನಟರ ಕಟೌಟಿಗೆ ಹಾಲೆರೆಯುವವರನ್ನು ಕಂಡು ಮೂಗು ಮುರಿಯುತ್ತೇವೆ. ಅವರಿಗೆ ಆ ನಟ ಮನೆಯವನಂತೆ, ನಮಗೆ? ಪರದೆ ಏಳುವುದರಿಂದ ಬೀಳುವವರೆಗೆ ಮಾತ್ರ ನೆಂಟಸ್ತಿಕೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಹೆಸರಾಂತ ಕಲಾವಿದರು ತೀರಿಕೊಂಡರೆ ಥಿಯೇಟರುಗಳ ಮುಂದಿನ ದೀಪಗಳನ್ನು ಒಂದು ನಿಮಿಷ ಮಂಕಾಗಿಸುತ್ತಾರಂತೆ. ನಮ್ಮಲ್ಲಿ ಡೇರೆ ಬಿಚ್ಚಿದ ಮೇಲೆ ಉಳಿಯುವುದು ಗೂಟದ ಗುಳಿಗಳು. ಆರ್. ನಾಗರತ್ನಮ್ಮನವರು ೧೯೫೮ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಮೀಸೆ ಹಚ್ಚಿಕೊಂಡು ಕಂಸನಾಗಿ ಗರ್ಜಿಸಿದವರು. ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ರಂಗಭೂಮಿಗೆ ಒಳ್ಳೆಯ ಉತ್ತರ! ಅವರಿಗೆ ಪದ್ಮಶ್ರೀ ಬಂದದ್ದು ಐವತ್ತನಾಲ್ಕು ವರ್ಷಗಳ ನಂತರ, ೨೦೧೨ರಲ್ಲಿ. ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು.

ಯಾರದಾದರೂ ಹುಟ್ಟುಹಬ್ಬ ಆಚರಿಸುವುದೆಂದರೆ, ಆಕೆಯೂ ನಮ್ಮಂತೆ ಒಬ್ಬ ತಾಯಿಯ ಮಗಳು ಎಂದು ಒಪ್ಪಿಕೊಳ್ಳುವುದು ತಾನೆ? ಹಾಡನ್ನು ಒಳಗೆ ಬಿಟ್ಟುಕೊಂಡು, ಹಾಡಿದವಳ ಮಗುವನ್ನು ಹೊಸಿಲಾಚೆ ನಿಲ್ಲಿಸಿದವಳು ಆ ಹಲಗೆಯ ಮೇಲೆ ಯಾವ ಮುಖವಿಟ್ಟುಕೊಂಡು ಬರೆಯಬೇಕು? ಸ್ಟಾಫ್ ರೂಮಿನಲ್ಲಿ ಕೇಳಿದೆ. “ನೀವು ಬರೆಯದಿದ್ರೆ ಈ ಮಕ್ಕಳಿಗೆ ಹೇಳೋರು ಯಾರು ಮೇಡಂ?” ಎಂದರು ಸಹೋದ್ಯೋಗಿಯೊಬ್ಬರು. ಮಾತು ಸರಿ. ಆದರೂ ಅದು ನನ್ನನ್ನು ಪಾರುಮಾಡಲೆಂದು ಆಡಿದ ಮಾತೇನೋ ಎಂಬ ಅನುಮಾನ ನನಗೆ ಹೋಗಿಲ್ಲ.

ಆ ರಾತ್ರಿ ಬೆಂಗಳೂರಿನಿಂದ ಮಗಳು ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ಅವಳಿಗೆ ಒಂದು ತುಂಡು ಕೇಕನ್ನು ಕಂಪಾಸ್ ಬಾಕ್ಸಲ್ಲಿ ಕದ್ದು ಒಯ್ದು ಕೊಟ್ಟಿದ್ದೆ ಅಮ್ಮ. ನಿಂಗೆ ಹೇಳಿರ್ಲಿಲ್ಲ” ಎಂದಳು.